ಗೋಡೆಯೊಳಗಿನ ಗುಡುಗುಡು

ಈ ಊರಿನ ನೆಲದಡಿಯಲ್ಲಿ ಹರಿಯುವ ಯಾವ ನೀರೂ ನನ್ನ ಕಿವಿ ತಪ್ಪಿಸಿ ಸೋರಲಾರದು! ಇದು ನನ್ನ ಮಾತಲ್ಲ, ನಮ್ಮ ಇಲಾಖೆಯ ಮಾತು. ಅಂದರೆ, ಇಲಾಖೆಯಲ್ಲಿ ನಾನು ಆಡುವ ಮಾತು. ನೀರು ಸರಬರಾಜು ಕಚೇರಿಯಲ್ಲಿ ಸೋರಿಕೆ ಪತ್ತೆ ಹಚ್ಚುವುದು ನನ್ನ ಉದ್ಯೋಗ. ಕೈಯಲ್ಲೊಂದು ಕಬ್ಬಿಣದ ಕೋಲು. ಅದರ ಒಂದು ತುದಿಯನ್ನು ನೆಲಕ್ಕೋ ಕೊಳವೆಗೋ ಊರಿ, ಬಟ್ಟಲಿನಂತಿರುವ ಇನ್ನೊಂದು ತುದಿಗೆ ಕಿವಿ ಹಚ್ಚಿದೆನೆಂದರೆ ಭೂಮಿತಾಯಿ ತನ್ನ ಒಡಲಿನ ಗುಟ್ಟನ್ನೆಲ್ಲ ನನಗೊಬ್ಬನಿಗೇ ಉಸುರುತ್ತಾಳೆ. ಸಹೋದ್ಯೋಗಿಗಳು ನನಗೆ 'ಪಾತಾಳಕಿವಿ' ಎಂದು ಬಿರುದು ಕೊಟ್ಟಿದ್ದಾರೆ. ಗೌರವದಿಂದ ಕೊಟ್ಟರೋ ಬೇರೆ ಉದ್ದೇಶದಿಂದಲೋ ಎಂದು ನಾನು ವಿಚಾರಿಸಲು ಹೋಗಿಲ್ಲ.

ಇಂಥ ನನ್ನ ಸ್ವಂತ ಮನೆಯ ಗೋಡೆಯಲ್ಲಿ ಗುಡುಗುಡು ಸದ್ದು!

ಅಡುಗೆಮನೆಗೂ ಬಚ್ಚಲುಮನೆಗೂ ನಡುವೆ ಇರುವ ಗೋಡೆ ಅದು. ಬೆಳಿಗ್ಗೆ ಕಾಫಿ ಲೋಟ ಹಿಡಿದು ಅದಕ್ಕೆ ಒರಗಿ ನಿಂತರೆ ಸಾಕು, ಒಳಗಿನಿಂದ ಗುಡು ಗುಡು, ಕೊಳ ಕೊಳ, ಕೊನೆಗೊಂದು ದೀರ್ಘವಾದ 'ಕುಂಯ್ಯ್'. ಸೋಮವಾರ ಜಾಸ್ತಿ. ರಜೆಯಲ್ಲಿ ಇಲ್ಲವೇ ಇಲ್ಲ. ನಾನು ಇದಕ್ಕೆ ಶಾಸ್ತ್ರೋಕ್ತವಾದ ವಿವರಣೆಯನ್ನೂ ಕಂಡುಕೊಂಡಿದ್ದೆ: ಸೋಮವಾರ ಊರೆಲ್ಲ ಒಟ್ಟಿಗೆ ಸ್ನಾನ ಮಾಡುತ್ತದೆ, ಕೊಳವೆಯ ಒತ್ತಡ ಏರುಪೇರಾಗುತ್ತದೆ, ಎಲ್ಲೋ ಒಂದು ಸಂದು ಬಿಟ್ಟುಕೊಂಡಿದೆ.

"ಬರೋ ಭಾನುವಾರ ಮಧ್ಯಾಹ್ನದ ಊಟದ ಹೊತ್ತಿಗೆ ಆ ಸೋರಿಕೆಯನ್ನ ಹಿಡಿದು ನಿನ್ನ ಮುಂದೆ ನಿಲ್ಲಿಸ್ತೀನಿ" ಎಂದು ಹೆಂಡತಿಯೆದುರು ಪ್ರತಿಜ್ಞೆ ಮಾಡಿದೆ.

ನನ್ನ ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಕುತ್ತಿಗೆಯಲ್ಲಿ ಸದಾ ಅಳತೆಯ ಟೇಪು. ಮಾತನ್ನೂ ಅಳತೆ ತೆಗೆದೇ ಕತ್ತರಿಸುತ್ತಾಳೆ.

"ಅಂದ್ರೆ ಗೋಡೆ ಒಡೀತೀರಾ?" ಹೊಲಿಗೆ ಯಂತ್ರದಿಂದ ತಲೆ ಎತ್ತದೆ ಕೇಳಿದಳು.

"ಒಡೆಯೋದಲ್ಲ ಕಣೇ, ಶಸ್ತ್ರಚಿಕಿತ್ಸೆ."

"ಹಾಗಾದ್ರೆ ರೋಗಿ ಯಾರು ಅಂತ ಮೊದಲು ಸರಿಯಾಗಿ ನೋಡ್ಕೊಳ್ಳಿ. ನಾನೊಬ್ಬಳೇ ಇರೋವಾಗ ಆ ಗೋಡೆ ತುಟಿ ಪಿಟಕ್ ಅನ್ನಲ್ಲ. ನೀವು ಬಂದ್ರೆ ಮಾತ್ರ ಅದಕ್ಕೆ ಬಾಯಿ ಬರುತ್ತೆ."

"ಅದೇ ಮತ್ತೆ. ಬಲ್ಲವರು ಎದುರಿಗಿದ್ರೆ ತಾನೇ ಅದು ಬಾಯಿ ಬಿಡೋದು."

ಅವಳು ಯಂತ್ರ ನಿಲ್ಲಿಸಿ ನನ್ನ ಅಂಗಿಯ ಕೆಳಗಿನ ಗುಂಡಿಯನ್ನೇ ಒಂದು ಗಳಿಗೆ ನೋಡಿದಳು. "ಹೊಟ್ಟೆ ಸರಿ ಇದೆಯಲ್ಲಾ ನಿಮ್ದು?"

"ಕಲ್ಲು ತಿಂದು ಕಲ್ಲು ಕರಗಿಸೋ ಹೊಟ್ಟೆ" ಎಂದೆ. ಅಷ್ಟು ಹೇಳಿ ಬಚ್ಚಲುಮನೆಗೆ ಓಡಿದೆ. ಅದು ಆ ಬೆಳಗಿನ ಮೂರನೆಯ ಓಟ.

ಇಲ್ಲಿ ಓದುಗರಲ್ಲಿ ಒಂದು ವಿಷಯ ಮುಚ್ಚಿಡದೆ ಹೇಳಿಬಿಡುತ್ತೇನೆ. ಕೆಲವು ತಿಂಗಳಿಂದ ನನ್ನ ಹೊಟ್ಟೆ ನನ್ನ ಮಾತು ಕೇಳುತ್ತಿರಲಿಲ್ಲ. ಬೆಳಿಗ್ಗೆ ಹಿಂಡುವ ನೋವು, ಆಮೇಲೆ ಅವಸರ. ಸಂಜೆಯಾದರೆ ಉಬ್ಬರ. ಇದ್ದಕ್ಕಿದ್ದಂತೆ ಎರಡು ದಿನ ಪೂರ್ತಿ ಮುಷ್ಕರ, ಮತ್ತೆ ಓಟ. ಬಚ್ಚಲಿನಲ್ಲಿ ದಿನಪತ್ರಿಕೆ ಓದುತ್ತೇನೆ ಎಂದು ಹೆಂಡತಿಗೆ ಹೇಳಿದ್ದೆ. ನಾನು ಬಾಯಿ ಬಿಡದಿದ್ದದ್ದಕ್ಕೆ ಕಾರಣ ನನ್ನ ಅಣ್ಣ. ಅವನು ವರ್ಷವಿಡೀ ಹೊಟ್ಟೆನೋವನ್ನು "ಗ್ಯಾಸು ಕಣೋ" ಎಂದು ತಳ್ಳಿಕೊಂಡು ಬಂದ. ಕೊನೆಗೆ ಪರೀಕ್ಷೆ ಮಾಡಿಸಿದಾಗ ದೊಡ್ಡ ಕರುಳಿನ ಕ್ಯಾನ್ಸರ್ ಅಂದರು. ಆಸ್ಪತ್ರೆಗೆ ಸೇರಿದವನು ಮನೆಗೆ ಮರಳಲಿಲ್ಲ. ಅವನು ಹೋದಾಗಿನ ವಯಸ್ಸು ನನಗೆ ಬರುವ ವರ್ಷ ತುಂಬುತ್ತದೆ. ಊರಿನ ನೆಲವನ್ನೆಲ್ಲ ಅಗೆದು ನೋಡುವ ನನಗೆ ನನ್ನ ಒಳಗನ್ನು ಮಾತ್ರ ನೋಡಿಸಿಕೊಳ್ಳಲು ಭಯವಾಗಿತ್ತು. ಗೋಡೆಯಾದರೆ ಪರವಾಗಿಲ್ಲ, ಅದಕ್ಕೆ ಸಿಮೆಂಟು ಮೆತ್ತಬಹುದು.

ಭಾನುವಾರ ಬಂತು. ಗಾರೆ ಮೇಸ್ತ್ರಿಯೂ ಸುತ್ತಿಗೆ, ಚಾಣದ ಸಮೇತ ಬಂದ. ನಾನು ಕೋಲಿನ ತುದಿಯನ್ನು ಗೋಡೆಗೆ ಊರಿ, ಕಿವಿಯನ್ನು ಬಟ್ಟಲಿಗೊತ್ತಿ, ಹಿಡಿತ ಸಿಗಲೆಂದು ಇಡೀ ಮೈಯನ್ನು ಗೋಡೆಗೆ ಆನಿಸಿ ನಿಂತೆ. ಮೈಯಲ್ಲಿ ಮೊದಲು ಗೋಡೆಗೆ ತಾಗುವ ಭಾಗ ಯಾವುದೆಂದು ಬಿಡಿಸಿ ಹೇಳಬೇಕಿಲ್ಲ. ಸದ್ದಿಲ್ಲ. ಜಾಗ ಬದಲಿಸಿದೆ. ಸದ್ದಿಲ್ಲ.

"ಗೋಡೆಗೂ ಭಾನುವಾರ ರಜೆ ಇರ್ಬೇಕು ಸಾರ್" ಎಂದ ಮೇಸ್ತ್ರಿ.

ಅಷ್ಟರಲ್ಲಿ ನನ್ನ ಮೊಬೈಲು ಕೂಗಿತು. ಮೇಲಧಿಕಾರಿಗಳು. "ನಾಳೆ ತಪಾಸಣೆಗೆ ಮೇಲಿನವರು ಬರ್ತಿದ್ದಾರ್ರೀ. ಈ ವರ್ಷ ಎಷ್ಟು ನೀರು ಸೋರಿಹೋಯ್ತು, ಯಾಕೆ ಸೋರಿಹೋಯ್ತು, ಎಲ್ಲ ನೀವೇ ನಿಂತು ವಿವರಿಸ್ಬೇಕು" ಎಂದು ಹೇಳಿ ಇಟ್ಟರು. ನಾನು ಮತ್ತೆ ಗೋಡೆಗೆ ಒರಗಿದೆನೋ ಇಲ್ಲವೋ, ಗುಡು ಗುಡು ಗುಡು!

"ಸಿಕ್ತು!" ಎಂದು ಕೂಗಿ ಸೀಮೆಸುಣ್ಣದಿಂದ ಗುರುತು ಹಾಕಿದೆ. ಆಮೇಲೆ "ಒಂದು ನಿಮಿಷ" ಎಂದು ಬಚ್ಚಲಿಗೆ ಹೋಗಿ ಬಂದೆ. ಬರುವಷ್ಟರಲ್ಲಿ ಸದ್ದು ನಿಂತಿತ್ತು.

"ನೀವು ಹೋಗಿ ಬಂದ್ರಿ, ಅದು ಸುಮ್ಮನಾಯ್ತು" ಎಂದಳು ಹೆಂಡತಿ.

"ಒಳಗೆ ನಾನು ನೀರು ಬಿಟ್ಟೆನಲ್ಲ, ಒತ್ತಡ ಇಳೀತು. ಇದು ನಿಂಗೆ ಅರ್ಥ ಆಗೋ ವಿಷಯ ಅಲ್ಲ."

"ಅರ್ಥ ಆಗ್ತಿದೆ. ಅದಕ್ಕೇ ಹೆದರಿಕೆ ಆಗ್ತಿರೋದು" ಎಂದು ಅವಳು ಟೇಪನ್ನು ಬೆರಳಿಗೆ ಸುತ್ತಿಕೊಂಡು ಬಾಗಿಲಲ್ಲೇ ನಿಂತಳು.

ಮೇಸ್ತ್ರಿ ಮೊದಲ ತೂತು ಕೊರೆದ. ಕೊಳವೆ ಒಣಗಿ ಲಕಲಕ ಹೊಳೆಯುತ್ತಿತ್ತು. ಮತ್ತೆ ಕೋಲು ಹಚ್ಚಿದರೆ ಸದ್ದು ಎಡಕ್ಕೆ ಸರಿದಿದೆ. ಎಡಕ್ಕೆ ಕೊರೆಸಿದೆ. ಅಲ್ಲೂ ಒಣಕಲು. ಈಗ ಸದ್ದು ಬಲಕ್ಕೆ! ನಾನು ಎತ್ತ ಸರಿದರೆ ಸೋರಿಕೆಯೂ ಅತ್ತ ಸರಿಯುತ್ತಿದೆ. ನನ್ನ ಇಷ್ಟು ವರ್ಷದ ಸರ್ವೀಸಿನಲ್ಲಿ ಜಾಗ ಬದಲಿಸುವ ಸೋರಿಕೆಯನ್ನು ಕಂಡಿರಲಿಲ್ಲ. ನಿಜ ಹೇಳುತ್ತೇನೆ, ಆ ಗೋಡೆಯ ಮೇಲೆ ನನಗೊಂದು ಭಯಭಕ್ತಿಯೇ ಹುಟ್ಟಿತು. ಇದು ಸಾಮಾನ್ಯ ಸೋರಿಕೆಯಲ್ಲ, ನನ್ನಂಥವನಿಗಾಗಿ ಕಾದು ಕುಳಿತಿದ್ದ ಸೋರಿಕೆ ಎಂದುಕೊಂಡೆ.

"ಸಾರ್, ಇನ್ನು ಕೊರೆದ್ರೆ ಗೋಡೆ ಉಳಿಯಲ್ಲ, ಬರೀ ತೂತು ಉಳಿಯುತ್ತೆ" ಎಂದ ಮೇಸ್ತ್ರಿ.

"ಕೊಡಯ್ಯ ಇಲ್ಲಿ" ಎಂದು ಸುತ್ತಿಗೆ ಕಿತ್ತುಕೊಂಡು ನಾನೇ ಬೀಸಿದೆ. ಆ ಏಟು ಯಾವುದಕ್ಕೆ ಬೀಳಬಾರದಿತ್ತೋ ಅದಕ್ಕೇ ಬಿತ್ತು. ಕೊಳವೆ ಬಾಯಿ ಬಿಟ್ಟಿತು. ನೀರು ನನ್ನ ಮುಖಕ್ಕೆ, ಮೇಸ್ತ್ರಿಯ ತಲೆಗೆ, ಒಲೆಗೆ, ಹೊಲಿಯಲು ಮಡಿಸಿಟ್ಟಿದ್ದ ಬಟ್ಟೆಗಳಿಗೆ ಭೇದಭಾವ ಮಾಡದೆ ಚಿಮ್ಮಿತು. ಊರಿನ ಸೋರಿಕೆಯನ್ನೆಲ್ಲ ಹಿಡಿಯುವ ಮಹಾನುಭಾವನ ಮನೆಯಲ್ಲಿ, ಅವನ ಕೈಯಾರೆ, ಹಾಡುಹಗಲಲ್ಲಿ ಜಲಪಾತ! ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಗಾದೆಯನ್ನು ಹಿರಿಯರು ನನ್ನನ್ನು ನೋಡದೆಯೇ ಹೇಗೆ ಮಾಡಿದರೋ.

ಬೊಗಸೆ ಒಡ್ಡಿದೆವು, ಟವೆಲ್ ಸುತ್ತಿದೆವು, ಮೇಸ್ತ್ರಿ ಅಂಗೈ ಒತ್ತಿ ಹಿಡಿದ. ನೀರು ಬೆರಳ ಸಂದಿಯಿಂದ ನಗುತ್ತಾ ಹೊರಬಂತು. ಸ್ವಲ್ಪ ಹೊತ್ತಿಗೆ ಅದು ತಾನಾಗಿಯೇ ಸಣ್ಣದಾಗಿ ನಿಂತುಹೋಯಿತು. ಬಾಗಿಲಲ್ಲಿ ಕೆಳಮನೆಯ ನಿವೃತ್ತ ನ್ಯಾಯಾಧೀಶರು ನಿಂತಿದ್ದರು. ಕಂಕುಳಲ್ಲಿ ತೊಟ್ಟಿಕ್ಕುತ್ತಿದ್ದ ದಿಂಬು.

"ನಿಮ್ಮ ನೀರು ನನ್ನ ಹಾಸಿಗೆ ಮೇಲೆ ಬಿತ್ತು" ಎಂದರು, ತೀರ್ಪು ಓದುವ ದನಿಯಲ್ಲಿ. "ಇಡೀ ಕಟ್ಟಡದ ವಾಲ್ವನ್ನ ಬಂದ್ ಮಾಡಿ ಬಂದಿದೀನಿ."

ಮನೆಯೆಲ್ಲ ನಿಶ್ಶಬ್ದವಾಯಿತು. ಕೊಳವೆಯಲ್ಲಿ ತೊಟ್ಟು ನೀರಿಲ್ಲ. ಆ ನಿಶ್ಶಬ್ದದಲ್ಲಿ, ಸ್ಪಷ್ಟವಾಗಿ, ಗಂಭೀರವಾಗಿ, ಗುಡು ಗುಡು, ಕೊಳ ಕೊಳ, ಕುಂಯ್ಯ್.

ನ್ಯಾಯಾಧೀಶರು ಹುಬ್ಬೇರಿಸಿದರು. "ಕೊಳವೆ ಖಾಲಿ ಇದೆ. ಹಾಗಾದ್ರೆ ಈ ಸದ್ದು ಯಾರದು?"

ಮೇಸ್ತ್ರಿ ನನ್ನನ್ನು ನೋಡಿದ. ಹೆಂಡತಿ ನನ್ನನ್ನು ನೋಡಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಹೊಟ್ಟೆ ಮುಟ್ಟಿ ನೋಡಿಕೊಂಡೆ.

ಹೆಂಡತಿ ಬಂದು ಕೋಲನ್ನು ಎತ್ತಿಕೊಂಡಳು. ಒಂದು ತುದಿಯನ್ನು ನನ್ನ ಒದ್ದೆ ಅಂಗಿಯ ಮೇಲಿಟ್ಟು, ಇನ್ನೊಂದಕ್ಕೆ ಕಿವಿ ಹಚ್ಚಿದಳು. ಈಗ ನಗುತ್ತಾಳೆ, ಎಲ್ಲರೂ ನಗುತ್ತಾರೆ, ಸದ್ಯ ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಅವಳು ನಗಲಿಲ್ಲ. ತಲೆ ಎತ್ತಿದಾಗ ಕಣ್ಣು ತುಂಬಿತ್ತು.

"ಭಾವನೋರೂ ಹೀಗೇ ಗ್ಯಾಸು ಗ್ಯಾಸು ಅಂತಾನೇ ಇದ್ರು" ಎಂದಳು. "ನೀವು ಗೋಡೆ ಅಂದ್ರಿ. ಅಷ್ಟೇ ವ್ಯತ್ಯಾಸ."

ನ್ಯಾಯಾಧೀಶರು ದಿಂಬು ಹಿಂಡುವುದನ್ನು ನಿಲ್ಲಿಸಿದರು. ನನ್ನ ಮಹಾಭಯವನ್ನು ಇಷ್ಟು ತಿಂಗಳಿಂದ ನಾನೊಬ್ಬನೇ ಹೊತ್ತಿದ್ದೇನೆ ಎಂದುಕೊಂಡಿದ್ದೆ. ನೋಡಿದರೆ ಅವಳೂ ಅದರ ಇನ್ನೊಂದು ತುದಿ ಹಿಡಿದೇ ನಡೆಯುತ್ತಿದ್ದಳು.

ಮಾರನೆಯ ದಿನ ತಪಾಸಣೆ ಮುಗಿಸಿದವನನ್ನು ಅವಳು ಕಚೇರಿಯ ಗೇಟಿನಿಂದಲೇ ಹಿಡಿದು ಹೊಟ್ಟೆಯ ತಜ್ಞೆಯ ಬಳಿಗೆ ಕರೆದೊಯ್ದಳು. ಡಾಕ್ಟರಮ್ಮ ನನಗಿಂತ ಬಹಳ ಚಿಕ್ಕವರು. ಮೇಜಿನ ಮೇಲೆ ಒಂದು ಗಾಜಿನ ಲೋಟ, ಒಂದು ಪೆನ್ನು. ಯಂತ್ರವೆಂಬುದು ಒಂದೂ ಇಲ್ಲ.

"ಸ್ಕ್ಯಾನಿಂಗ್ ಮಷೀನು ಎಲ್ಲಿದೆ ಡಾಕ್ಟ್ರೇ?" ಎಂದೆ.

"ಮೊದಲು ಕೇಳಿಸ್ಕೋತೀನಿ" ಎಂದರು.

ನೆಲ ಅಗೆಯಲು ಯಂತ್ರ ತರಲೇ ಎಂದು ಜನ ಕೇಳಿದಾಗ ನಾನೂ ಇದೇ ಮಾತು ಹೇಳುವವನು. ಹೇಳುವಾಗ ನನ್ನ ಮುಖದ ಮೇಲೆ ಇಷ್ಟು ತಾಳ್ಮೆ ಇರುವುದಿಲ್ಲ, ಅಷ್ಟೇ.

ಅವರು ಕೇಳತೊಡಗಿದರು. ನೋವು ಎಷ್ಟು ದಿನದಿಂದ? ವಾರಕ್ಕೊಮ್ಮೆಯಾದರೂ ಬರುತ್ತದೆಯೋ? ಶೌಚಕ್ಕೆ ಹೋದ ಮೇಲೆ ಕಡಿಮೆಯಾಗುತ್ತದೆಯೋ, ಹೆಚ್ಚಾಗುತ್ತದೆಯೋ?

"ಕಡಿಮೆ ಆಗುತ್ತೆ" ಎಂದಳು ಹೆಂಡತಿ. "ಗೋಡೆ ಕೂಡ ಸುಮ್ಮನಾಗುತ್ತೆ."

"ಯಾವ ಗೋಡೆ?"

ಹೆಂಡತಿ ಗೋಡೆಯ ಕತೆ ಹೇಳಿದಳು. ಡಾಕ್ಟರಮ್ಮ ತುಟಿ ಕಚ್ಚಿಕೊಂಡು ಪೆನ್ನನ್ನು ಕೆಳಗಿಟ್ಟರು, ಮತ್ತೆ ಎತ್ತಿಕೊಂಡರು. "ಸೋಮವಾರ ಜಾಸ್ತಿ ಅಂದ್ರಲ್ಲ, ಅದು ಉಪಯೋಗಕ್ಕೆ ಬರುತ್ತೆ. ಮುಂದೆ ಹೇಳಿ. ದಿನಕ್ಕೆ ಎಷ್ಟು ಸಲ ಹೋಗ್ತೀರಿ ಅನ್ನೋದ್ರಲ್ಲಿ ಹೆಚ್ಚುಕಡಿಮೆ ಆಗಿದೆಯಾ? ಮಲದ ಹದ ಬದಲಾಗಿದೆಯಾ?"

ಹದಕ್ಕೆ ಒಂದು ಚಿತ್ರಪಟವೇ ಇದೆಯಂತೆ! ಗೋಲಿಯಂಥದ್ದರಿಂದ ಹಿಡಿದು ಬರೀ ನೀರಿನಂಥದ್ದರವರೆಗೆ ಏಳು ಬಗೆಗಳನ್ನು ಬರೆದಿಟ್ಟ ಹಾಳೆಯನ್ನು ಮುಂದೆ ಹಿಡಿದರು. ಮನುಷ್ಯ ಇದನ್ನೂ ಕೂತು ವಿಂಗಡಿಸಿದ್ದಾನಲ್ಲ ಎಂದು ನಾನು ಬೆರಗಾಗಿ ನೋಡಿದೆ. ಮದುವೆ ಸೀರೆ ಆರಿಸುವವರ ಹಾಗೆ ಮೊದಲ ಚಿತ್ರ, ಆರನೆಯ ಚಿತ್ರ ಎರಡಕ್ಕೂ ಬೆರಳಿಟ್ಟೆ.

ಆಮೇಲೆ ಅವರ ದನಿ ಸ್ವಲ್ಪ ನಿಧಾನವಾಯಿತು. ರಕ್ತ ಕಂಡಿದೆಯೇ? ಇಲ್ಲ. ಜ್ವರ? ಇಲ್ಲ. ನೋವಿನಿಂದ ನಿದ್ದೆಯಲ್ಲಿ ಎಚ್ಚರವಾಗುತ್ತದೆಯೇ? ಇಲ್ಲ. ತೂಕ ಇಳಿದಿದೆಯೇ? ನಾನು ಯೋಚಿಸುತ್ತಾ ಕುಳಿತೆ.

"ಸೊಂಟ ಒಂದು ನೂಲೆಳೆಯಷ್ಟೂ ಇಳಿದಿಲ್ಲ ಡಾಕ್ಟ್ರೇ" ಎಂದಳು ಹೆಂಡತಿ. "ಇವ್ರ ಪ್ಯಾಂಟೆಲ್ಲ ಹೊಲಿಯೋಳು ನಾನೇ. ಸಂಜೆ ಮಾತ್ರ ಎರಡು ಇಂಚು ಏರುತ್ತೆ, ಬೆಳಿಗ್ಗೆ ಮತ್ತೆ ಇಳಿಯುತ್ತೆ."

"ನೀನು ಯಾವಾಗ ಅಳತೆ ತಗೊಂಡೆ?" ಎಂದೆ ಗಾಬರಿಯಿಂದ.

"ನೀವು ಗೋಡೆ ಅಳೀತಿರೋವಾಗ."

ಕೊನೆಯ ಪ್ರಶ್ನೆ ಬಂತು. "ಮನೆಯಲ್ಲಿ ಯಾರಿಗಾದರೂ ಕರುಳಿನ ಕಾಯಿಲೆ?" ಅಣ್ಣನ ಕತೆಯನ್ನು ಮೊದಲ ಸಲ ಹೊರಗಿನವರೊಬ್ಬರ ಮುಂದೆ ಹೇಳಿದೆ. ಹೇಳಿ ಮುಗಿಯುವವರೆಗೂ ಡಾಕ್ಟರಮ್ಮ ಪೆನ್ನು ಮುಟ್ಟಲಿಲ್ಲ.

"ನೋಡಿ" ಎಂದರು. "ನೀವು ಹೇಳಿದ್ದನ್ನ ಕೇಳಿದ್ರೆ ಇದು ಐಬಿಎಸ್ ಥರ ಕಾಣುತ್ತೆ. ಕೆರಳೋ ಕರುಳು ಅಂದ್ಕೊಳ್ಳಿ. ತುಂಬಾ ಜನಕ್ಕೆ ನಾಲ್ಕು ಮಾತು, ಒಂದು ರಕ್ತ ಪರೀಕ್ಷೆ, ಒಂದು ಮಲ ಪರೀಕ್ಷೆ ಸಾಕು, ಅಲ್ಲಿಗೇ ಹೇಳಿಬಿಡಬಹುದು. ನಿಮ್ಮ ವಿಷಯದಲ್ಲಿ ಅಣ್ಣ ಇದ್ದಾರೆ, ವಯಸ್ಸೂ ಇದೆ. ಅದಕ್ಕೇ ಒಳಗೆ ಒಂದು ಸಲ ಕ್ಯಾಮೆರಾ ಹಾಕಿ ನೋಡಿಬಿಡೋಣ. ಊಹೆ ಬೇಡ."

ಊಹೆ ಬೇಡ! ಗೋಡೆಯ ಮೂರು ತೂತುಗಳು ಕಣ್ಣ ಮುಂದೆ ಬಂದವು.

ಕ್ಯಾಮೆರಾ ಹಾಕುವ ಮೊದಲು ಕರುಳನ್ನು ತೊಳೆಯಬೇಕಂತೆ. ಒಂದು ಪುಡಿಯನ್ನು ನೀರಿಗೆ ಕಲಸಿ ಲೋಟದ ಮೇಲೆ ಲೋಟ ಕುಡಿಯಬೇಕು. ನಮ್ಮ ಇಲಾಖೆಯಲ್ಲೂ ಹೊಸ ಕೊಳವೆಗೆ ಹೀಗೇ ರಭಸದ ನೀರು ಬಿಟ್ಟು ತೊಳೆಯುತ್ತೇವೆ, ಇದರಲ್ಲಿ ಹೊಸದೇನಿದೆ ಎಂದು ಬೀಗಿದೆ. ಆದರೆ ಒಂದು ಸಣ್ಣ ಅಡಚಣೆಯಿತ್ತು. ಕಟ್ಟಡದ ವಾಲ್ವು ಮತ್ತೆ ತೆರೆದಿದ್ದರೂ ನಮ್ಮ ಮನೆಯ ನೀರು ಮಾತ್ರ ಇನ್ನೂ ಬಂದ್! ಒಡೆದ ಕೊಳವೆಗೆ ಜೋಡಣೆ ಹಾಕಿಕೊಡುತ್ತೇನೆ ಎಂದು ಮೇಸ್ತ್ರಿ ಗೋಗರೆದಿದ್ದ. "ಇಲಾಖೆಯವನ ಮನೆ ಜಾಯಿಂಟನ್ನ ಇಲಾಖೆಯವನೇ ಹಾಕಬೇಕು" ಎಂದು ನಾನು ಅವನನ್ನು ಕಳಿಸಿ, ನನ್ನ ಕೈಯಾರೆ ಜಾಯಿಂಟು ಹಾಕಿ, ಮೇಲೆ ಗಾರೆ ಮೆತ್ತಿ, ಒಣಗಲೆಂದು ಬಿಟ್ಟಿದ್ದೆ. ನೀರಿಲ್ಲದ ಮನೆಯಲ್ಲಿ ಆ ಪುಡಿ ಕುಡಿಯುವ ಧೈರ್ಯ ಯಾವ ವೀರನಿಗೂ ಇರಲಾರದು.

ಹೆಂಡತಿ ಕೆಳಗಿಳಿದು ಹೋಗಿ ನ್ಯಾಯಾಧೀಶರನ್ನು ಕೇಳಿ ಬಂದಳು. ಅವರು ತಮ್ಮ ಮನೆಯ ಬಾಗಿಲು ತೆರೆದರು. ಬಚ್ಚಲಿನ ಬಾಗಿಲನ್ನೂ ತೆರೆದಿಟ್ಟರು. ಅವರ ಎದುರಿನ ಕುರ್ಚಿಯಲ್ಲಿ ಲೋಟ ಹಿಡಿದು ಕುಳಿತೆ. ಅವರು ದಿನಪತ್ರಿಕೆ ಓದುತ್ತಿದ್ದರು. ನಾನು ನಡುನಡುವೆ ಎದ್ದು ಓಡುತ್ತಿದ್ದೆ.

"ಸಾಕ್ಷಿ ಮತ್ತೆ ಮತ್ತೆ ಕಟಕಟೆ ಬಿಟ್ಟು ಹೋಗ್ತಿದ್ದಾರೆ" ಎಂದರು ಒಮ್ಮೆ, ಪತ್ರಿಕೆಯಿಂದ ತಲೆ ಎತ್ತದೆ. ಇನ್ನೊಂದು ಸಲ ನಾನು ಸೋತು ಬಂದು ಕುಳಿತಾಗ ಕನ್ನಡಕ ತೆಗೆದು ಮೆಲ್ಲಗೆ ಹೇಳಿದರು: "ಹೆದರಬೇಡಿ. ವಿಚಾರಣೆ ಮುಗಿಯೋಕೆ ಮುಂಚೆ ಶಿಕ್ಷೆ ಅನುಭವಿಸೋದು ಕಾನೂನಿಗೆ ವಿರುದ್ಧ." ಆ ಮನುಷ್ಯನ ಹಾಸಿಗೆಯನ್ನು ತೋಯಿಸಿದ್ದಕ್ಕೆ ನನಗೆ ಆಗ ನಿಜವಾಗಿ ನಾಚಿಕೆಯಾಯಿತು.

ಪರೀಕ್ಷೆಯ ದಿನ ಮಂಪರಿನ ಮದ್ದು ಸ್ವಲ್ಪವೇ ಕೊಡಿ, ನನಗೂ ನೋಡಬೇಕು ಎಂದು ಬೇಡಿಕೊಂಡೆ. ಮಗ್ಗುಲಿಗೆ ಮಲಗಿಸಿದರು. ಎದುರಿಗೆ ಪರದೆ. ಅಣ್ಣನ ಮುಖ ನೆನಪಾಗುತ್ತಿತ್ತು.

ಆಮೇಲೆ ಪರದೆಯ ಮೇಲೆ ನನ್ನ ಕರುಳು ತೆರೆದುಕೊಂಡಿತು. ಏನೆಂದು ವರ್ಣಿಸಲಿ! ನಸುಗೆಂಪಿನ ಸುರಂಗ. ಗೋಡೆ ಒದ್ದೆಯಾಗಿ ಫಳಫಳ ಹೊಳೆಯುತ್ತಿದೆ. ಬಳೆಗಳನ್ನು ಜೋಡಿಸಿಟ್ಟಂತೆ ಮಡಿಕೆಯ ಮೇಲೆ ಮಡಿಕೆ. ಒಂದೆಡೆ ಮುದುಡುತ್ತದೆ, ಇನ್ನೊಂದೆಡೆ ಅರಳುತ್ತದೆ, ತನ್ನ ಪಾಡಿಗೆ ಉಸಿರಾಡಿದಂತೆ ಅಲುಗುತ್ತದೆ. ನಾನು ಮೈಲಿಗಟ್ಟಲೆ ಕೊಳವೆ ನೋಡಿದವನು. ಜಾಯಿಂಟಿಲ್ಲದ ಕೊಳವೆಯನ್ನು ಹುಟ್ಟಿದಂದಿನಿಂದ ನೋಡಿರಲಿಲ್ಲ. ತಿರುವಿನಲ್ಲಿ ಬೆಸುಗೆಯಿಲ್ಲ, ತುಕ್ಕಿಲ್ಲ, ಪಂಪಿಲ್ಲ, ಕರೆಂಟಿಲ್ಲ. ಬೇಕಾದಲ್ಲಿ ಹಿಗ್ಗುತ್ತದೆ, ಬೇಕಾದಲ್ಲಿ ಕುಗ್ಗುತ್ತದೆ, ಐವತ್ತು ಚಿಲ್ಲರೆ ವರ್ಷಗಳಿಂದ ಒಂದು ದಿನವೂ ರಿಪೇರಿಗೆಂದು ಬಂದ್ ಮಾಡಿಲ್ಲ! ಇಂಥದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡು ನಾನು ಊರ ತುಂಬ ಸಿಮೆಂಟಿನ ಕೊಳವೆಗಳ ಬಗ್ಗೆ ಜಂಬ ಕೊಚ್ಚುತ್ತಿದ್ದೆನಲ್ಲ ಎಂದು ಕಣ್ಣಲ್ಲಿ ನೀರು ಬಂತು.

"ನೋವಾಗ್ತಿದೆಯಾ?" ಎಂದರು ಡಾಕ್ಟರಮ್ಮ.

"ಇಲ್ಲ ಡಾಕ್ಟ್ರೇ. ಕಾಮಗಾರಿ ನೋಡ್ತಿದೀನಿ" ಎಂದೆ.

ಎಲ್ಲ ಪರೀಕ್ಷೆಗಳ ಫಲಿತಾಂಶ ಬಂದ ದಿನ ಹೆಂಡತಿ ನನ್ನ ಪಕ್ಕದಲ್ಲಿ ಟೇಪನ್ನು ಬಿಗಿಯಾಗಿ ಹಿಡಿದು ಕುಳಿತಿದ್ದಳು. ಡಾಕ್ಟರಮ್ಮ ಸುತ್ತಿಬಳಸಲಿಲ್ಲ. "ಗಂಟಿಲ್ಲ, ಹುಣ್ಣಿಲ್ಲ, ಉರಿಯೂತ ಇಲ್ಲ. ರಕ್ತ ಚೆನ್ನಾಗಿದೆ. ಗೋಧಿ ಒಗ್ಗದ ಕಾಯಿಲೆಯೂ ಇಲ್ಲ. ನಿಮ್ಮ ಅಣ್ಣನಿಗೆ ಬಂದದ್ದು ನಿಮಗಿಲ್ಲ. ಅವರ ಕಾರಣಕ್ಕೆ ಕೆಲವು ವರ್ಷ ಬಿಟ್ಟು ಇನ್ನೊಮ್ಮೆ ನೋಡೋಣ, ಅಷ್ಟೇ."

ಹೆಂಡತಿ ಟೇಪನ್ನು ಕಣ್ಣಿಗೆ ಒತ್ತಿಕೊಂಡಳು. ನನಗೂ ಎದೆಯ ಮೇಲಿನ ಕಲ್ಲು ಇಳಿಯಿತು. ಇಳಿದ ಮರುಗಳಿಗೆಯೇ, ನೋಡಿ ಮನುಷ್ಯನ ಬುದ್ಧಿ, ಸಿಟ್ಟು ಬಂತು.

"ಎಲ್ಲಾ ಸರಿ ಇದೆ ಅಂದ್ರೆ ನನ್ನ ನೋವು ಸುಳ್ಳಾ?" ಎಂದೆ.

"ನಿಮ್ಮ ಕಚೇರೀಲಿ ಜನ ದೂರು ತಂದಾಗ 'ಕೊಳವೆ ಸರಿ ಇದೆ, ಎಲ್ಲಾ ನಿಮ್ಮ ಭ್ರಮೆ' ಅಂತ ನೀವು ಹೇಳಲ್ವಾ, ಹಾಗೆ" ಎಂದಳು ಹೆಂಡತಿ.

"ನಾನು ಹಾಗೆ ಹೇಳಲ್ಲಮ್ಮ" ಎಂದರು ಡಾಕ್ಟರಮ್ಮ. "ನೋವು ನಿಜ. ಕೊಳವೆ ಸರಿ ಇದೆ, ಅದೂ ನಿಜ. ಕರುಳಿಗೆ ಅದರದೇ ನರಗಳ ಜಾಲ ಇದೆ, ಕೋಟಿಗಟ್ಟಲೆ. ಅದೂ ತಲೆಯೂ ದಿನವಿಡೀ ಮಾತಾಡ್ಕೊಂಡೇ ಇರ್ತವೆ. ನಿಮ್ಮಲ್ಲಿ ಆ ಮಾತುಕತೆ ಹದ ತಪ್ಪಿದೆ. ಪಿಸುಮಾತು ಆಡಿದ್ರೆ ಕೂಗಿದ ಹಾಗೆ ಕೇಳಿಸುತ್ತೆ. ಸ್ವಲ್ಪ ಗಾಳಿ ಸೇರಿದ್ರೆ ನೋವು, ಮೇಲಧಿಕಾರಿ ಫೋನ್ ಬಂದ್ರೆ ಓಟ. ಇನ್ನೊಂದು ತಿಳ್ಕೊಳ್ಳಿ. ಏನೂ ಸಿಗಲಿಲ್ಲ ಅಂತ ಇಡೋ ಹೆಸರಲ್ಲ ಇದು. ನೋವು, ಶೌಚಕ್ಕೆ ಹೋದ ಮೇಲೆ ಆಗೋ ಬದಲಾವಣೆ, ಎಷ್ಟು ಸಲ, ಯಾವ ಹದ, ಎಷ್ಟು ತಿಂಗಳಿಂದ ಅನ್ನೋದು, ಇಷ್ಟೂ ಸೇರಿ ಅದಕ್ಕೆ ಅದರದೇ ಚಹರೆ ಇದೆ. ಆ ಚಹರೆ ಹಿಡಿದೇ ನಾವು ಗುರುತಿಸೋದು."

ಇಷ್ಟು ಜನ ನನ್ನೊಳಗೆ ಕೂತು ಮಾತಾಡುತ್ತಿದ್ದಾರೆಂದು ಯಾರಿಗೆ ಗೊತ್ತಿತ್ತು! ನಾನು ಹೊಟ್ಟೆಯನ್ನು ಎರಡೂ ಕೈಯಿಂದ, ಪಕ್ಕದ ಮನೆಯ ಕೂಸನ್ನು ಎತ್ತಿಕೊಂಡಂತೆ, ಹುಷಾರಾಗಿ ಹಿಡಿದುಕೊಂಡು ಮನೆಗೆ ಬಂದೆ.

ಅಂದಿನಿಂದ ನಾನು ಬೇರೆಯೇ ಮನುಷ್ಯ. ಹೊತ್ತಿಗೆ ಸರಿಯಾಗಿ ಊಟ, ಕಾಫಿ ಅರ್ಧ ಲೋಟ, ಈರುಳ್ಳಿಗೆ ಸದ್ಯಕ್ಕೆ ವಿದಾಯ, ಸಂಜೆ ನಡಿಗೆ, ಹಿಂಡಿದಾಗ ನುಂಗಲು ಒಂದು ಮಾತ್ರೆ. ಓಟಗಳು ಕಡಿಮೆಯಾದವು, ಪೂರ್ತಿ ನಿಲ್ಲಲಿಲ್ಲ. ಕಚೇರಿಯಲ್ಲಿ ಯಾರಾದರೂ ಹೊಟ್ಟೆ ಎಂದರೆ ಸಾಕು, ಅವರನ್ನು ಕೂರಿಸಿ ಕರುಳಿನ ಮಹಿಮೆ ಹೇಳತೊಡಗಿದೆ. 'ಪಾತಾಳಕಿವಿ' ಹೋಗಿ 'ಕರುಳು ಸ್ವಾಮಿ' ಎಂಬ ಹೊಸ ಬಿರುದೂ ಬಂತು. ಇದನ್ನೂ ನಾನು ವಿಚಾರಿಸಲು ಹೋಗಿಲ್ಲ.

ಮನೆಯಲ್ಲಿ ಗೋಡೆಗೆ ಬಣ್ಣವಾಯಿತು, ನೀರು ಬಂತು. ಒಂದು ಸಂಜೆ ನಾನೂ ಹೆಂಡತಿಯೂ ಅಡುಗೆಮನೆಯಲ್ಲಿ ಕುಳಿತಿದ್ದೆವು. ನಾನು ಅದೇ ಗೋಡೆಗೆ ಒರಗಿದ್ದೆ. ಗುಡು ಗುಡು, ಕೊಳ ಕೊಳ.

ಹೆಂಡತಿ ಬೆಚ್ಚಿ ತಲೆ ಎತ್ತಿದಳು. ನಾನು ಹೊಟ್ಟೆ ಸವರಿಕೊಂಡು ನಕ್ಕೆ.

"ಹೆದರಬೇಡ. ಒಳಗೆ ಕೋಟಿ ನರಗಳು ಸಭೆ ಸೇರಿವೆ. ತಲೆಗೆ ಏನೋ ಅಹವಾಲು ಕಳಿಸ್ತಿವೆ."

"ರೀ, ಅದು ಹೊಟ್ಟೆ ಸದ್ದಲ್ಲ ಅನ್ಸುತ್ತೆ."

"ಅಜ್ಞಾನ ಕಣೇ. ಮೊದಲು ನಾನೂ ಹೀಗೇ ಗೋಡೆ ಗೋಡೆ ಅಂತಿದ್ದೆ. ಎಷ್ಟು ಅದ್ಭುತವಾದ ಸದ್ದು ಕೇಳು. ನೀರು ಹರಿದ ಹಾಗೇ ಇಲ್ವಾ?"

"ಹರಿದ ಹಾಗೇ ಇದೆ. ಅದಕ್ಕೇ ಹೇಳಿದ್ದು."

"ಶ್, ದೇಹ ಮಾತಾಡೋವಾಗ ನಾವು ಮಾತಾಡಬಾರದು" ಎಂದು ನಾನು ಕಣ್ಣು ಮುಚ್ಚಿ, ಕೈ ಹೊಟ್ಟೆಯ ಮೇಲಿಟ್ಟು, ಭಕ್ತಿಯಿಂದ ಆಲಿಸುತ್ತಾ ಕುಳಿತೆ. ಸದ್ದು ಬೆಳೆಯಿತು. ನನ್ನ ಬೆನ್ನು ತಣ್ಣಗಾದದ್ದೂ ಧ್ಯಾನದ ಫಲವೆಂದೇ ತಿಳಿದೆ.

ಬಾಗಿಲು ಬಡಿದ ಸದ್ದಾಯಿತು. ಹೆಂಡತಿ ತೆರೆದಳು. ನ್ಯಾಯಾಧೀಶರು. ಕಂಕುಳಲ್ಲಿ ದಿಂಬು, ದಿಂಬಿನಿಂದ ತೊಟ್ಟು ತೊಟ್ಟು ನೀರು.

"ನಿಮ್ಮ ಕರುಳಿನ ಮೇಲೆ ನನ್ನದೇನೂ ದೂರಿಲ್ಲ" ಎಂದರು. "ಅದು ನಿರ್ದೋಷಿ ಅಂತ ಆಗಲೇ ತೀರ್ಮಾನ ಆಗಿದೆ. ಆದರೆ ಆ ಜಾಯಿಂಟು ಹಾಕಿದವರು ಯಾರು ಅಂತ ಕೇಳೋಣ ಅಂತ ಬಂದೆ."

ನಾನು ತಿರುಗಿ ನೋಡಿದೆ. ಹೊಸ ಬಣ್ಣದ ಮೇಲೆ ಒದ್ದೆ ಹರಡುತ್ತಾ ಇಳಿಯುತ್ತಿತ್ತು. ನನ್ನ ಅಂಗಿಯ ಬೆನ್ನು ಪೂರ್ತಿ ತೊಯ್ದಿತ್ತು. ಹೊಟ್ಟೆ ಮಾತ್ರ, ಇಷ್ಟು ತಿಂಗಳಲ್ಲಿ ಮೊದಲ ಬಾರಿಗೆ, ಒಂದು ಸೊಲ್ಲೂ ಎತ್ತದೆ ತೆಪ್ಪಗಿತ್ತು.

ಹೆಂಡತಿ ಮೂಲೆಯಲ್ಲಿದ್ದ ನನ್ನ ಕೋಲನ್ನು ತೆಗೆದು ತನ್ನ ಹೊಲಿಗೆ ಯಂತ್ರದ ಹಿಂದೆ ಇಟ್ಟುಕೊಂಡಳು.

"ಇದು ನನ್ನ ಹತ್ರಾನೇ ಇರ್ಲಿ" ಎಂದಳು. "ಹೊಟ್ಟೆ ಗುಡುಗಿದ್ರೆ ಗೋಡೆ ಒಡೀತೀರಿ, ಗೋಡೆ ಗುಡುಗಿದ್ರೆ ಹೊಟ್ಟೆ ಸವರ್ಕೋತೀರಿ."